ದುಭಾಷಿಯ ಪಾತ್ರ ಬೇಕಿರಲಿಲ್ಲ ಎಂದು ಬರೆದಿದ್ದೆ

ನಾನು ಬರೆದ ಸಿನಿಮಾ ವಿಮರ್ಶೆಗಳಲ್ಲಿ ಜನ ಇಂದಿಗೂ ನೆನಪಿಟ್ಟು ಹೊಗಳುವುದು ಒಂದನ್ನೇ. ಅದು ಒಂದು ಯುದ್ಧದ ಸಿನಿಮಾದ ಬಗ್ಗೆ ಬರೆದದ್ದು. ಅದನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಂದುಕೊಳ್ಳದ ವಾರವಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಶಾಲೆ ಯಲಬುರ್ಗಾ ತಾಲ್ಲೂಕಿನ ಒಂದು ಊರಿನಲ್ಲಿದೆ, ಮನೆ ಕೊಪ್ಪಳದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹನ್ನೊಂದು ವರ್ಷ ಕೊಪ್ಪಳದ ಒಂದು ಸಣ್ಣ ದಿನಪತ್ರಿಕೆಗೆ ವಾರಕ್ಕೊಂದರಂತೆ ಸಿನಿಮಾ ವಿಮರ್ಶೆ ಬರೆದೆ. ಜಿಲ್ಲೆಯ ಗಡಿ ದಾಟಿದರೆ ಆ ಪತ್ರಿಕೆ ಯಾರಿಗೂ ಗೊತ್ತಿಲ್ಲ. ಆದರೂ ಭಾನುವಾರ ಬೆಳಿಗ್ಗೆ ನನ್ನ ಹೆಸರು ಅಚ್ಚಾಗಿ ಬರುತ್ತಿತ್ತು. ಅದನ್ನು ನನಗಿಂತ ಮೊದಲು ಓದುತ್ತಿದ್ದವನು ನನ್ನ ಅಣ್ಣ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅದರ ಮರುವರ್ಷ ಅಣ್ಣ ಮಿಲಿಟರಿ ಸೇರಿದ. ನಾನು ಬಿ.ಎ. ಓದಿದ್ದು, ಬಿ.ಇಡಿ. ಮಾಡಿದ್ದು, ಇಂಗ್ಲಿಷ್ ವಿಷಯವನ್ನೇ ಆರಿಸಿಕೊಂಡದ್ದು ಎಲ್ಲವೂ ಅವನ ಒತ್ತಾಯದಿಂದ. ಇಂಗ್ಲಿಷ್ ಬಾರದೆ ತಾನು ಎಲ್ಲೆಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು ಎಂದು ಅವನು ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಹವಾಲ್ದಾರನಾಗಿ ನಿವೃತ್ತಿಯಾದ ಮೇಲೆ ಅತ್ತಿಗೆಯ ತವರು ಹತ್ತಿರವೆಂದು ಗಂಗಾವತಿಯಲ್ಲಿ ಮನೆ ಮಾಡಿದ. ಅಲ್ಲಿ ಒಂದು ರೈಸ್ ಮಿಲ್ಲಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಂತ. ಭತ್ತದ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿ ನಿಂತಾಗ ಚಾಲಕರಿಗೆ ನನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಹತ್ತಿರದ ಸಿದ್ದಾಪುರದ ಕಡೆಯ ಒಬ್ಬ ತೆಲುಗು ರೈತ, ನಿಮ್ಮ ತಂಗಿ ಹೇಳಿದರೆ ಮಾತ್ರ ಸಿನಿಮಾಕ್ಕೆ ಹೋಗುವುದು ಎಂದು ಅಣ್ಣನಿಗೆ ಹೇಳಿದ್ದ. ಅಣ್ಣ ಆ ಮಾತನ್ನು ನನಗೆ ಫೋನಿನಲ್ಲಿ ಮೂರು ಸಲ ಹೇಳಿದ.

ಅವನು ಒಂದು ವರ್ಷ ಆಫ್ರಿಕದ ಒಂದು ದೇಶದಲ್ಲಿ ಶಾಂತಿ ಕಾಯುವ ಪಡೆಯಲ್ಲಿ ಇದ್ದು ಬಂದಿದ್ದ. ಈಗ ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿಂದ ತಂದದ್ದು ಕಟ್ಟಿಗೆಯ ಒಂದು ಆನೆ, ಅತ್ತಿಗೆಗೆ ಎರಡು ಬಣ್ಣದ ಬಟ್ಟೆ. ಹೇಳಿದ ಕಥೆಯೂ ಒಂದೇ. ಅಲ್ಲಿಯೂ ಜೋಳ ಬೆಳೆಯುತ್ತಾರೆ, ತೆನೆ ಸ್ವಲ್ಪ ಕೆಂಪು, ನೋಡಿದ ಕೂಡಲೇ ನಮ್ಮ ಹೊಲ ನೆನಪಾಗಿ ಕಣ್ಣಲ್ಲಿ ನೀರು ಬಂತು ಎನ್ನುತ್ತಿದ್ದ. ಇನ್ನೇನಾದರೂ ಕೇಳಿದರೆ ಅಲ್ಲಿಯ ಸೊಳ್ಳೆಗಳ ಬಗ್ಗೆ ಮಾತು ತೆಗೆಯುತ್ತಿದ್ದ.

ಆ ಸಿನಿಮಾ ಬಂದಾಗ ಪೇಟೆಯ ವಿಮರ್ಶಕರೆಲ್ಲ ಅದರ ಬಗ್ಗೆ ಜಗಳಕ್ಕೆ ನಿಂತಿದ್ದರು. ಕಥೆ ಹೀಗಿತ್ತು. ನಮ್ಮ ದೇಶದ ಸೈನಿಕರ ಒಂದು ತುಕಡಿ ಪರದೇಶದ ಹಳ್ಳಿಯೊಂದನ್ನು ಕಾಯಲು ಹೋಗುತ್ತದೆ. ಅವರ ಮಾತನ್ನು ಹಳ್ಳಿಯವರಿಗೂ, ಹಳ್ಳಿಯವರ ಮಾತನ್ನು ಅವರಿಗೂ ತಿಳಿಸುವವನು ಆ ಊರಿನ ಒಬ್ಬ ಯುವಕ. ಮೊದಲರ್ಧದ ಕೊನೆಯಲ್ಲಿ ಅಧಿಕಾರಿ ಒಂದು ಹೇಳಿದರೆ ದುಭಾಷಿ ಹಳ್ಳಿಯವರಿಗೆ ಬೇರೆಯದೇ ಹೇಳುತ್ತಾನೆ. ಅದರಿಂದ ಕೆಲವರು ಉಳಿಯುತ್ತಾರೆ, ಕೆಲವರು ಸಾಯುತ್ತಾರೆ. ಕೊನೆಗೆ ದುಭಾಷಿ ಅಧಿಕಾರಿಯ ಎದುರು ನಿಂತು ದೊಡ್ಡ ಭಾಷಣ ಮಾಡಿ ದೂರುತ್ತಾನೆ. ಹತ್ತು ವರ್ಷದ ಮೇಲೆ ಆ ಅಧಿಕಾರಿ ಅವನನ್ನು ಹುಡುಕಿಕೊಂಡು ಮತ್ತೆ ಆ ಊರಿಗೆ ಹೋಗುತ್ತಾನೆ.

ಯುದ್ಧದ ದೃಶ್ಯಗಳು ಅದ್ಭುತ, ಆದರೆ ಮಾತು ಹೆಚ್ಚಾಯಿತು ಎಂದು ಇಂಗ್ಲಿಷ್ ಪತ್ರಿಕೆಗಳು ಬರೆದಿದ್ದವು. ಸೈನಿಕರಿಗಿಂತ ದುಭಾಷಿಯನ್ನೇ ದೊಡ್ಡವನನ್ನಾಗಿ ತೋರಿಸಿ ಸೇನೆಗೆ ಅವಮಾನ ಮಾಡಿದ್ದಾರೆ ಎಂದು ಟೀವಿಯಲ್ಲಿ ಒಂದು ತಾಸು ಚರ್ಚೆ ನಡೆದಿತ್ತು. ಇಂಥ ಸಿನಿಮಾ ನಮ್ಮಲ್ಲಿ ಬಂದೇ ಇರಲಿಲ್ಲ ಎಂದವರು ಇಬ್ಬರೋ ಮೂವರೋ. ನಾನು ಟಿಕೆಟ್ ತೆಗೆಯುವ ಮೊದಲೇ ಇದನ್ನೆಲ್ಲ ಓದಿಕೊಂಡಿದ್ದೆ. ಸಣ್ಣ ಊರಿನ ವಿಮರ್ಶಕಿ ಏನೂ ತಿಳಿಯದವಳಂತೆ ಕಾಣಬಾರದು ಎಂಬ ಆಸೆ ನನಗೆ ಯಾವಾಗಲೂ ಇತ್ತು.

ಅಣ್ಣನನ್ನು ಕರೆದವಳು ನಾನೇ. ಯುದ್ಧದ ಪಿಕ್ಚರ್ ನೋಡುವುದಿಲ್ಲ ಎಂದ. ಮಿಲಿಟರಿಯ ವಿಷಯ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವವರು ನನಗೆ ಬೇಕು, ಅದಕ್ಕಾದರೂ ಬಾ ಎಂದು ಒತ್ತಾಯಿಸಿದೆ. ನನ್ನ ಬರವಣಿಗೆಗೆ ಬೇಕು ಎಂದರೆ ಅವನು ಇಲ್ಲ ಎನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಶುಕ್ರವಾರ ಅರ್ಧ ದಿನ ರಜೆ ಹಾಕಿ ಗಂಗಾವತಿಗೆ ಹೋದೆ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಥಿಯೇಟರಿನ ಮುಂದೆ ನಿಂತಿದ್ದ.

ಮಧ್ಯಾಹ್ನದ ಆಟ. ಬಾಂಬು ಸಿಡಿದಾಗಲೆಲ್ಲ ಹುಡುಗರು ಸೀಟಿ ಹೊಡೆದರು. ದುಭಾಷಿ ಬಾಯಿ ತೆರೆದರೆ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದರು. ನಾನು ಮೊಬೈಲಿನ ಬೆಳಕಿನಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಅಣ್ಣ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದ. ವಿರಾಮದಲ್ಲಿ ಶೇಂಗಾ ತರಲೇ ಎಂದರೆ ತಲೆಯಾಡಿಸಿದ. ಸಿನಿಮಾ ಮುಗಿದು ದೀಪ ಹತ್ತಿದ ಮೇಲೂ ಎದ್ದೇಳಲಿಲ್ಲ. ಕಸ ಗುಡಿಸುವ ಹೆಂಗಸು ನಮ್ಮ ಸಾಲಿನವರೆಗೆ ಬಂದಳು. ಆಗ ಎದ್ದ.

ಬಸ್ ನಿಲ್ದಾಣದವರೆಗೂ ನಡೆದೆವು. ನನ್ನ ತಲೆಯಲ್ಲಿ ಆಗಲೇ ವಾಕ್ಯಗಳು ಓಡುತ್ತಿದ್ದವು. ಕೊಪ್ಪಳದ ಬಸ್ಸು ಹತ್ತುವಾಗ, ಹೇಗಿತ್ತು ಎಂದು ಕೇಳಿದೆ.

“ಅಂವ ಹಂಗ ಮಾತಾಡ್ತಿದ್ದಿಲ್ಲ,” ಎಂದ ಅಣ್ಣ.

ದುಭಾಷಿಯೇ ಎಂದು ಕೇಳಿದೆ. ಹೌದು ಎಂದ. ಬಸ್ಸು ಹೊರಟಿತು.

ಅಣ್ಣನ ಆ ಮಾತು ನನಗೆ ದೊಡ್ಡ ಆಸ್ತಿಯಾಗಿ ಕಂಡಿತು. ಮನೆಗೆ ಬಂದವಳೇ ಕುಳಿತು ಬರೆದೆ. ಒಳ್ಳೆಯ ಯುದ್ಧದ ಸಿನಿಮಾ ಒಂದನ್ನು ಒಬ್ಬ ಬಾಯಿಬಡುಕ ದುಭಾಷಿ ಹಾಳು ಮಾಡಿದ್ದಾನೆ ಎಂದು ಶುರು ಮಾಡಿದೆ. ಅವನ ಪಾತ್ರ ಬೇಕೇ ಇರಲಿಲ್ಲ, ಅವನನ್ನು ತೆಗೆದು ಹಾಕಿದ್ದರೆ ನಮಗೆ ಅರ್ಧ ತಾಸು ಉಳಿಯುತ್ತಿತ್ತು, ನಿರ್ದೇಶಕರಿಗೆ ಮರ್ಯಾದೆ ಉಳಿಯುತ್ತಿತ್ತು ಎಂದೆ. ಬಂದೂಕು ಹಿಡಿದವರ ಪಕ್ಕದಲ್ಲಿ ನಿಂತು ಅವರ ಮಾತನ್ನೇ ತಿರುಚಿ ಹೇಳುವ ಧೈರ್ಯ ಯಾವ ದುಭಾಷಿಗಿದೆ, ಇದು ಸಿನಿಮಾದವರ ಕಟ್ಟುಕಥೆ ಎಂದೆ. ಕೊನೆಗೆ ಹೀಗೆ ಸೇರಿಸಿದೆ: ಪರದೇಶದಲ್ಲಿ ಸೇವೆ ಮಾಡಿ ಬಂದ, ನನ್ನ ಪಕ್ಕದಲ್ಲೇ ಕುಳಿತಿದ್ದ ಹಿರಿಯ ಸೈನಿಕರೊಬ್ಬರು ಹೇಳಿದರು, ದುಭಾಷಿಗಳು ಹೀಗೆ ಮಾತಾಡುವುದಿಲ್ಲ.

ಮಕ್ಕಳಿಗೆ ಇಪ್ಪತ್ತೆರಡು ವರ್ಷದಿಂದ ಕ್ರಿಯಾಪದದ ಕಾಲಗಳನ್ನು ಕಲಿಸುತ್ತಿದ್ದೇನೆ. ಅಂವ ಹಂಗ ಮಾತಾಡ್ತಿದ್ದಿಲ್ಲ ಎಂದು ಅಣ್ಣ ಹೇಳಿದ್ದು ಕಣ್ಣಾರೆ ಕಂಡ ಒಬ್ಬ ಮನುಷ್ಯನ ಬಗ್ಗೆ ಎಂದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆಯಿಂದ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ವಿಮರ್ಶೆಯ ಫೋಟೊ ವಾಟ್ಸಾಪಿನಲ್ಲಿ ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆ ಹರಿದಾಡಿತು. ಬಾಯಿಬಡುಕ ಎಂಬ ಪದಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು. ಹುಬ್ಬಳ್ಳಿಯ ಒಂದು ದೊಡ್ಡ ಪತ್ರಿಕೆ ಅದರ ಅರ್ಧ ಭಾಗವನ್ನು ಎತ್ತಿ ಪ್ರಕಟಿಸಿತು. ಸಂಪಾದಕರು ಫೋನು ಮಾಡಿ, ಮೇಡಂ, ಇಷ್ಟು ವರ್ಷಕ್ಕೆ ಖಾರ ಹಾಕಿ ಬರೆದಿರಿ ಎಂದರು. ಶಾಲೆಯಲ್ಲಿ ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಓದಿ ಹೇಳಿಸಿದರು. ಫೋನು ಮಾಡದವನು ಅಣ್ಣ ಒಬ್ಬನೇ. ಗೇಟಿನಲ್ಲಿ ಕೆಲಸ ಹೆಚ್ಚಿರಬೇಕು ಅಂದುಕೊಂಡೆ. ಮರುದಿನ ನಾನೇ ಮಾಡಿದಾಗ ಅತ್ತಿಗೆ ಎತ್ತಿ, ಮಲಗಿದ್ದಾನೆ ಎಂದಳು.

ಎರಡನೇ ಭಾನುವಾರವೂ ಅವನು ಫೋನು ಮಾಡಲಿಲ್ಲ. ಮೂರನೇ ವಾರ ಅತ್ತಿಗೆಯೇ ಮಾಡಿದಳು. ಬಹಳ ಮೆಲ್ಲಗೆ ಮಾತಾಡಿದಳು. ಗಂಗಾವತಿಯಲ್ಲಿ ಆ ಪಿಕ್ಚರ್ ಇರುವವರೆಗೆ ಅಣ್ಣ ದಿನ ಬಿಟ್ಟು ದಿನ ಹೋಗಿ ನೋಡಿದ್ದಾನೆ. ಇಲ್ಲಿ ತೆಗೆದ ಮೇಲೆ ಹೊಸಪೇಟೆಗೆ ಹೋಗಿ ನೋಡಿ ಬಂದಿದ್ದಾನೆ. ಊಟ ಕಡಿಮೆ ಮಾಡಿದ್ದಾನೆ. ಮಿಲ್ಲಿನ ಮಾಲೀಕರು ಯಾಕೆ ಕೆಲಸಕ್ಕೆ ಬಂದಿಲ್ಲ ಎಂದು ಕೇಳಿ ಕಳಿಸಿದ್ದಾರೆ. ಇಷ್ಟನ್ನು ಹೇಳಿ, “ನೀ ಬಾ ಯವ್ವಾ. ಏನ್ ಕೇಳಿದ್ರೂ ನನ್ನ ಮುಂದ ಬಾಯಿ ಬಿಡವಲ್ಲ,” ಎಂದಳು.

ಮುಂದಿನ ರಜೆಯ ದಿನ ಹೋದೆ. ಅಣ್ಣ ಮನೆಯ ಹಿಂದಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ನನ್ನನ್ನು ನೋಡಿ ನಕ್ಕ. ಮಕ್ಕಳ ಪರೀಕ್ಷೆ ಯಾವಾಗ ಎಂದು ಕೇಳಿದ. ನಾನು ನೇರವಾಗಿ, ನನ್ನ ಬರಹದಿಂದ ಬೇಜಾರಾಯಿತೇ ಎಂದು ಕೇಳಿದೆ. ನೀನು ಹೇಳಿದ್ದನ್ನೇ ಬರೆದೆನಲ್ಲ ಎಂದೂ ಸೇರಿಸಿದೆ. ಅಣ್ಣ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡ. ಆಮೇಲೆ ಹೇಳತೊಡಗಿದ. ಅದನ್ನು ಅವನು ಹೇಳಿದ ಕ್ರಮದಲ್ಲಿ ನಾನು ಹೇಳಲಾರೆ. ಅವನು ಎಲ್ಲಿಂದಲೋ ಶುರು ಮಾಡಿ, ನಿಂತು, ಮತ್ತೆ ಹಿಂದಕ್ಕೆ ಹೋಗುತ್ತಿದ್ದ.

ಅವನ ಪಡೆ ಬೀಡುಬಿಟ್ಟಿದ್ದ ಠಾಣ್ಯದಿಂದ ಒಂದು ಮೈಲು ದೂರದಲ್ಲಿ ಒಂದು ಹಳ್ಳಿ. ಅಲ್ಲಿ ಚರ್ಚು, ಅದಕ್ಕೆ ಸೇರಿದ ಒಂದು ಶಾಲೆ. ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಇಪ್ಪತ್ತೈದರ ಹರೆಯದ ಮಾಸ್ತರನೇ ಇವರ ತುಕಡಿಯ ದುಭಾಷಿ. ನಮ್ಮ ಸೈನಿಕರ ಜೊತೆ ಇದ್ದು ಇದ್ದು ಹಿಂದಿಯನ್ನೂ ಕಲಿತುಬಿಟ್ಟಿದ್ದನಂತೆ. ಅಣ್ಣನಿಗೆ ಒಂದು ಚೀಲ ಜೋಳದ ಹಿಟ್ಟು ತಂದುಕೊಟ್ಟು ಅವನು ರೊಟ್ಟಿ ಬಡಿಯುವುದನ್ನು ನೋಡುತ್ತ ಕುಳಿತಿದ್ದನಂತೆ. ಅವನಿಗೆ ಮುದ್ದೆಯ ಹಾಗೆ ತಿರುವಿ ತಿನ್ನುವುದೇ ಗೊತ್ತಿತ್ತು. ಕನ್ನಡದಲ್ಲಿ ಜೋಳ, ರೊಟ್ಟಿ, ನೀರು, ತಂಗಿ ಎಂಬ ಪದಗಳನ್ನು ಕೇಳಿ ಬರೆದುಕೊಂಡಿದ್ದ. ಅವನಿಗೂ ಶಾಲೆಗೆ ಹೋಗುವ ಒಬ್ಬಳು ತಂಗಿ ಇದ್ದಳು. ಅಣ್ಣ ಅವಳಿಗೆ ಬಿಸ್ಕತ್ತು ಕೊಡುತ್ತಿದ್ದ. ನನ್ನ ತಂಗಿಯೂ ಇಂಗ್ಲಿಷ್ ಕಲಿಸುತ್ತಾಳೆ ಎಂದು ಅಣ್ಣ ಅವನಿಗೆ ಹೇಳಿದ್ದನಂತೆ.

ಒಂದು ಸಂಜೆ ಮೇಲಿನಿಂದ ಅಪ್ಪಣೆ ಬಂತು. ಬಂಡುಕೋರರು ಹತ್ತಿರ ಬಂದಿದ್ದಾರೆಂಬ ಸುದ್ದಿಗೆ ಹಳ್ಳಿಯ ಜನ ಗಂಟು ಕಟ್ಟುತ್ತಿದ್ದಾರೆ, ಹೆದರಿ ಓಡುವುದು ಬೇಡ, ಪಡೆ ಇಲ್ಲಿಯೇ ಇರುತ್ತದೆ ಎಂದು ಹೋಗಿ ಹೇಳಿ ಬಾ ಎಂದು. ಅಣ್ಣ ದುಭಾಷಿಯನ್ನು ಕರೆದುಕೊಂಡು ಚರ್ಚಿನ ಅಂಗಳಕ್ಕೆ ಹೋದ. ಜನ ಸೇರಿದರು. ನಾವು ನಾಳೆ ಬೆಳಿಗ್ಗೆಯೂ ಇಲ್ಲಿಯೇ ಇರುತ್ತೇವೆ, ಯಾರೂ ಊರು ಬಿಡಬೇಡಿ ಎಂದು ಹೇಳು ಎಂದ.

“ಅಂವ ನನ್ನ ಮಾರಿ ನೋಡ್ದ,” ಎಂದ ಅಣ್ಣ. “ಹೇಳ್ಲೇನು ಅಂತ ಕೇಳ್ದ. ಹೇಳು ಅಂದೆ. ಅಷ್ಟ. ಆ ಪಿಕ್ಚರಿನ್ಯಾಗಿನಂವ ಕಡೀಗೆ ಎಷ್ಟ್ ಒದರ್ತಾನ. ಅಂವ ಹಂಗ ಮಾತಾಡ್ತಿದ್ದಿಲ್ಲ ತಂಗಿ. ಒಂದ್ ಮಾತ್ ಜಾಸ್ತಿ ಆಡ್ತಿದ್ದಿಲ್ಲ.”

ಮರುದಿನ ನಸುಕಿನಲ್ಲಿ ಠಾಣ್ಯ ಬಿಟ್ಟು ಹಿಂದಕ್ಕೆ ಬರುವಂತೆ ಆದೇಶವಾಯಿತು. ದುಭಾಷಿ ಹಿಂದಿನ ಸಂಜೆ ಹಳ್ಳಿಯಲ್ಲೇ ಉಳಿದಿದ್ದ. ಅವನಿಗೆ ಹೇಳಿ ಬರಲು ಅಣ್ಣ ಐದು ನಿಮಿಷ ಕೇಳಿದ, ಕೊಡಲಿಲ್ಲ. ವಾಹನಗಳು ಹೊರಟವು. ಎರಡು ದಿನದ ಮೇಲೆ ಆ ಹಳ್ಳಿ ಸುಟ್ಟು ಹೋಯಿತೆಂಬ ಸುದ್ದಿ ಬಂತು. ಯಾರು ಉಳಿದರು, ಯಾರು ಇಲ್ಲ ಎಂದು ಯಾರೂ ಹೇಳಲಿಲ್ಲ. ಅಣ್ಣನ ವರ್ಷ ಮುಗಿದಿತ್ತು. ಊರಿಗೆ ಬಂದ.

“ಮಾತು ನಂದು, ಬಾಯಿ ಅವಂದು,” ಎಂದ. “ಜನ ನಂಬಿದ್ದು ಅವನ ಬಾಯಿ. ಅವರೆಲ್ಲ ಅವನ ಊರಾವ್ರು, ಅವನ ಮಂದಿ. ಅವರ ಮುಂದ ಅವನ ಕಡಿಂದ ಸುಳ್ಳು ಹೇಳಿಸಿ ಬಂದೆ. ಪಿಕ್ಚರಿನ್ಯಾಗ ಆ ಆಫೀಸರ್ ವಾಪಸ್ ಹೋಗ್ಯಾನ. ಹುಡುಕ್ಯಾನ. ನಾ ಹೋಗ್ಲಿಲ್ಲ.”

ಅವನು ಮತ್ತೆ ಮತ್ತೆ ಥಿಯೇಟರಿಗೆ ಹೋದದ್ದು ಆ ಕೊನೆಯ ಹತ್ತು ನಿಮಿಷ ನೋಡಲು. ಉದ್ದವಾಯಿತು, ಕಣ್ಣೀರು ಬರಿಸುವ ಹಳೆಯ ಉಪಾಯ ಎಂದು ನಾನು ಬರೆದಿದ್ದ ಹತ್ತು ನಿಮಿಷ. ಅಣ್ಣ ನನ್ನನ್ನು ಬೈಯಲಿಲ್ಲ. ವಿಮರ್ಶೆಯ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡಬಹುದಿತ್ತು.

ಆ ದಿನ ಬಸ್ಸಿನಲ್ಲಿ ಬರುವಾಗ, ನಾನು ಏನಾದರೂ ಮಾಡಲೇಬೇಕು ಅನ್ನಿಸಿತು. ಆ ಊರಿನ ಹೆಸರನ್ನು ಅಣ್ಣನಿಂದ ಬರೆಸಿಕೊಂಡು ಬಂದಿದ್ದೆ. ಇಂಟರ್ನೆಟ್ಟಿನಲ್ಲಿ ನಾಲ್ಕಾರು ದಿನ ಹುಡುಕಿದೆ. ಆ ಹೆಸರಿನ ಊರುಗಳು ಮೂರು ಸಿಕ್ಕವು. ಒಂದರಲ್ಲಿ ಚರ್ಚಿಗೆ ಸೇರಿದ ಶಾಲೆ ಇತ್ತು. ಅದರದೊಂದು ಪುಟ, ಸಮವಸ್ತ್ರ ತೊಟ್ಟ ಮಕ್ಕಳ ಫೋಟೊಗಳು, ಒಂದು ಇ-ಮೇಲ್ ವಿಳಾಸ. ಫೋಟೊ ತೋರಿಸಿದಾಗ ಅಣ್ಣ ಹಿಂದಿನ ಗುಡ್ಡವನ್ನು ಬೆರಳಿನಿಂದ ಮುಟ್ಟಿ, ಇದೇ ಎಂದ. ನಾನು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಅಲ್ಲಿಯವರು ಫ್ರೆಂಚ್ ಓದುವವರು, ಆದ್ದರಿಂದ ಮೊಬೈಲಿನ ಸಹಾಯದಿಂದ ಫ್ರೆಂಚಿಗೂ ತಿರುಗಿಸಿದೆ. ಇಂಥ ವರ್ಷಗಳಲ್ಲಿ ನಿಮ್ಮಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ, ಭಾರತದ ಸೈನಿಕರಿಗೆ ದುಭಾಷಿಯಾಗಿದ್ದ ಮಾಸ್ತರರ ವಿಷಯ ಏನಾದರೂ ಗೊತ್ತೇ, ಅವರ ಜೊತೆಗಿದ್ದ ಒಬ್ಬ ಸೈನಿಕ ಕೇಳುತ್ತಿದ್ದಾನೆ ಎಂದಷ್ಟೇ ಬರೆದೆ.

ಎರಡು ತಿಂಗಳು ಉತ್ತರ ಬರಲಿಲ್ಲ. ಅಣ್ಣ ಕೆಲಸಕ್ಕೆ ಹೋಗತೊಡಗಿದ್ದ. ವಾರಕ್ಕೊಮ್ಮೆ ಫೋನು ಮಾಡಿ ಬೇರೆ ಏನೇನೋ ಮಾತಾಡಿ, ಕೊನೆಗೆ, ಏನಾದರೂ ಬಂತೇ ಎಂದು ಕೇಳುತ್ತಿದ್ದ. ಬಂದಿಲ್ಲ ಎಂದರೆ, ಇರಲಿ ಬಿಡು ಎನ್ನುತ್ತಿದ್ದ.

ಉತ್ತರ ಬಂದದ್ದು ಹತ್ತನೇ ಇಯತ್ತೆಯ ಪರೀಕ್ಷೆ ನಡೆಯುತ್ತಿದ್ದಾಗ. ಬರೆದವಳು ಆ ದುಭಾಷಿಯ ತಂಗಿ. ಈಗ ಅದೇ ಶಾಲೆಯಲ್ಲಿ ಅವಳೂ ಕಲಿಸುತ್ತಾಳೆ. ಪತ್ರ ಫ್ರೆಂಚಿನಲ್ಲಿತ್ತು. ನಾನು ಅದನ್ನು ಎರಡು ಬೇರೆ ಬೇರೆ ಆ್ಯಪಿನಲ್ಲಿ ಹಾಕಿ ಇಂಗ್ಲಿಷಿಗೆ ತಂದೆ, ಒಂದರ ಪಕ್ಕ ಒಂದನ್ನು ಇಟ್ಟು ಓದಿದೆ. ಎರಡೂ ಒಂದೇ ಮಾತು ಹೇಳುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಕುಳಿತು ಓದಿದವಳಿಗೆ ಗಂಟೆ ಹೊಡೆದದ್ದು ಕೇಳಲಿಲ್ಲ. ಸಹೋದ್ಯೋಗಿಯೊಬ್ಬರು ಬಂದು ಭುಜ ಮುಟ್ಟಿ ಎಬ್ಬಿಸಿದರು.

ಆ ಭಾನುವಾರ ಗಂಗಾವತಿಗೆ ಹೋದೆ. ದಾರಿಯುದ್ದಕ್ಕೂ ಯೋಚಿಸಿದೆ. ಪತ್ರ ಓದಬಲ್ಲವಳು ನಾನೊಬ್ಬಳೇ. ಅಣ್ಣನಿಗೆ ಬೇಕಾದಂತೆ ಹೇಳಬಹುದಿತ್ತು. ಆ ಮಾಸ್ತರ ಬದುಕಿದ್ದಾನೆ, ನಿನ್ನನ್ನು ನೆನೆಯುತ್ತಾನೆ ಎಂದು ಹೇಳಿಬಿಡಬಹುದಿತ್ತು. ಅಣ್ಣ ನಂಬುತ್ತಿದ್ದ. ಆದರೆ ಒಮ್ಮೆ ಅವನ ಮಾತನ್ನು ನನಗೆ ಬೇಕಾದಂತೆ ಬರೆದು ಆಗಿತ್ತು. ಇನ್ನೊಮ್ಮೆ ಬೇಡ ಎಂದುಕೊಂಡೆ.

ಅಡುಗೆ ಮನೆಯಲ್ಲಿ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಪಡಸಾಲೆಯಲ್ಲಿ ಕುಳಿತಿದ್ದ. ಉತ್ತರ ಬಂದಿದೆ ಎಂದೆ. ಎದ್ದು ಹೋಗಿ ಅಂಗಿ ಹಾಕಿಕೊಂಡು ಬಂದು ಕುಳಿತ. ಬನಿಯನ್ನಿನಲ್ಲಿ ಕುಳಿತು ಕೇಳುವುದು ಸರಿಯಲ್ಲ ಅನ್ನಿಸಿರಬೇಕು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ.

ಅವಳಿಗೆ ಆ ಸೈನಿಕ ನೆನಪಿದ್ದಾನೆ. ಬಿಸ್ಕತ್ತು ಕೊಡುತ್ತಿದ್ದ, ಮೀಸೆ ಇತ್ತು, ಜೋಳದ ಹಿಟ್ಟನ್ನು ಅಂಗೈಯಿಂದ ಬಡಿಯುತ್ತಿದ್ದ. ಆ ಸಂಜೆ ಅವಳು ಚರ್ಚಿನ ಅಂಗಳದಲ್ಲಿ ಚಿಕ್ಕಮ್ಮನ ಕೈ ಹಿಡಿದು ನಿಂತಿದ್ದಳು. ಸೈನಿಕ ಏನೋ ಹೇಳಿದ. ಅವಳ ಅಣ್ಣ ಅದನ್ನು ತಮ್ಮ ಭಾಷೆಗೆ ತಿರುಗಿಸಿದ. ಅವನು ಹೇಳಿದ್ದು ಇದು: ತಾವು ನಾಳೆಯೂ ಇರುತ್ತೇವೆ ಎಂದು ಇವರು ಹೇಳುತ್ತಿದ್ದಾರೆ, ಆದರೆ ಇರುವುದಿಲ್ಲ. ಠಾಣ್ಯದಲ್ಲಿ ಪೆಟ್ಟಿಗೆಗಳನ್ನು ಕಟ್ಟುತ್ತಿರುವುದನ್ನು ನಾನು ನೋಡಿದ್ದೇನೆ. ನಡೆಯಲು ಆಗುವವರು ಕತ್ತಲಾಗುವ ಮೊದಲು ನಡೆಯಿರಿ. ಈಗ ಅಳಬೇಡಿ, ಸುಮ್ಮನೆ ಚದುರಿ. ಈ ಮನುಷ್ಯ ಒಳ್ಳೆಯವನು, ಇವನಿಗೆ ಯಾರೂ ಏನೂ ಹೇಳಿಲ್ಲ.

ದಿನವೂ ಮಾತು ತಿರುಗಿಸುವ ಅದೇ ಧ್ವನಿಯಲ್ಲಿ ಹೇಳಿದ ಎಂದು ಅವಳು ಬರೆದಿದ್ದಳು. ಮುಂದಿನ ಸಾಲಿಗೆ ನಾನು ತಡೆದೆ.

“ಮುಂದ?” ಎಂದ ಅಣ್ಣ.

ಅವನು ಹೀಗೆ ಹೇಳುತ್ತಿರುವಾಗ ಆ ಸೈನಿಕ ಪಕ್ಕದಲ್ಲಿ ನಿಂತು ಎಲ್ಲದಕ್ಕೂ ಗೋಣು ಹಾಕುತ್ತಿದ್ದ ಎಂದು ಬರೆದಿದ್ದಾಳೆ ಎಂದೆ.

“ಹೌದು,” ಎಂದ. “ಹಾಕಿದ್ದೆ.”

ಬಹಳ ಜನ ಆ ಸಂಜೆಯೇ ಕಾಡಿನ ದಾರಿ ಹಿಡಿದರು. ಅವಳು ಚಿಕ್ಕಮ್ಮನ ಜೊತೆ ನಡೆದಳು. ಅವರ ತಾಯಿಗೆ ಕಾಲು ಇರಲಿಲ್ಲ, ಹೊತ್ತುಕೊಂಡು ಹೋಗುವಷ್ಟು ಹತ್ತಿರದ ದಾರಿಯೂ ಅಲ್ಲ. ತಾಯಿಯ ಜೊತೆ ಅವಳ ಅಣ್ಣ ಉಳಿದ. ಇಬ್ಬರೂ ಅಲ್ಲಿಯೇ ಸತ್ತರು. ಈಗ ಆ ಊರಿನಲ್ಲಿ ಇರುವವರು ಆ ಸಂಜೆ ನಡೆದು ಹೋದವರು ಮತ್ತು ಅವರ ಮಕ್ಕಳು. ಆ ಸೈನಿಕ ತನ್ನ ಅಣ್ಣನನ್ನು ಮರೆತಿಲ್ಲ ಎಂದು ತಿಳಿದು ಅವಳಿಗೆ ಸಮಾಧಾನವಾಯಿತು ಎಂದು ಪತ್ರ ಮುಗಿದಿತ್ತು.

ಅಣ್ಣ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡ. ಅವನಿಗೆ ಓದಲು ಬಾರದ ಆ ಅಕ್ಷರಗಳನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತ ನೋಡಿದ. ಬಹಳ ಜನ ಉಳಿದರಲ್ಲ ಅಣ್ಣ, ನೀನು ಅಂದುಕೊಂಡ ಹಾಗೆ ಆಗಿಲ್ಲ ಎಂದು ನಾನು ಹೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ.

“ಅಂವ ನನ್ನ ಮಾತು ನಂಬಲಿಲ್ಲ,” ಎಂದ. “ನಂಬದ ಛಲೋ ಮಾಡ್ದ.” ಮೊಬೈಲನ್ನು ಕೆಳಗಿಟ್ಟು, “ಪೆಟಗಿ ಕಟ್ಟೂದು ಅಂವ ನೋಡಿದ್ದ. ನಾನೂ ನೋಡಿದ್ದೆ ತಂಗಿ. ನಂಗ ಗೊತ್ತಾಗ್ಲಿಲ್ಲ ಅಂದ್ರ ಗೊತ್ತಾಗಬಾರ್ದು ಅಂತ ಇದ್ದೆ,” ಎಂದು ಮುಖ ಮುಚ್ಚಿಕೊಂಡ.

ಅವನು ಅತ್ತದ್ದನ್ನು ನಾನು ಅಪ್ಪ ಸತ್ತಾಗಲೂ ನೋಡಿರಲಿಲ್ಲ. ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಏನಾಯಿತೆಂದು ಕೇಳಲಿಲ್ಲ. ಅವನ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

ಉತ್ತರ ಬರೆಯುವಾಗ ಅಣ್ಣ ಒಂದೇ ವಾಕ್ಯ ಹೇಳಿದ. ಅವನು ಹೇಳಿದ್ದು ಖರೆ ಮಾತು, ನಾನು ಹೇಳಿಸಿದ್ದು ಸುಳ್ಳು ಎಂದು ಬರಿ ಎಂದ. ನಾನು ಹಾಗೆಯೇ ಬರೆದೆ, ಒಂದಕ್ಷರ ಮೃದು ಮಾಡಲಿಲ್ಲ.

ಆ ವರ್ಷದ ಕೊನೆಗೆ ಸಿನಿಮಾಕ್ಕೆ ಪ್ರಶಸ್ತಿಗಳು ಬಂದವು. ದುಭಾಷಿಯ ಪಾತ್ರ ಮಾಡಿದವನಿಗೇ ದೊಡ್ಡ ಪ್ರಶಸ್ತಿ. ಮಾತು ಹೆಚ್ಚಾಯಿತು ಎಂದು ಬರೆದಿದ್ದ ಇಂಗ್ಲಿಷ್ ಪತ್ರಿಕೆಗಳು, ನಾವು ಆಗ ಸರಿಯಾಗಿ ನೋಡಿರಲಿಲ್ಲ ಎಂದು ಮತ್ತೆ ಬರೆದವು. ನಾನು ಕೂಡ ಬರೆದೆ. ಪತ್ರದ ವಿಷಯ ಎತ್ತಲಿಲ್ಲ, ಅದು ನನ್ನದಾಗಿರಲಿಲ್ಲ. ದುಭಾಷಿಯ ಬಗ್ಗೆ ನಾನು ಬರೆದದ್ದೆಲ್ಲ ತಪ್ಪು, ತಿಳಿಯದೆ ನಕ್ಕಿದ್ದೆ, ಪಕ್ಕದಲ್ಲಿ ಕುಳಿತಿದ್ದ ಸೈನಿಕರು ಹೇಳಿದ್ದು ನಾನು ಬರೆದ ಮಾತಲ್ಲ ಎಂದು ಬರೆದೆ. ಈಗ ಯಾರು ಓದುತ್ತಾರೆ ಮೇಡಂ ಎಂದು ಸಂಪಾದಕರು ಅದನ್ನು ಆರು ಸಾಲಿಗೆ ಇಳಿಸಿ, ಒಳಪುಟದಲ್ಲಿ ನಿಧನ ವಾರ್ತೆಗಳ ಕೆಳಗೆ ಹಾಕಿದರು. ಒಂದು ಫೋನೂ ಬರಲಿಲ್ಲ. ಅದರ ಮುಂದಿನ ತಿಂಗಳು ನಾನು ಅಂಕಣ ನಿಲ್ಲಿಸಿದೆ. ಶಾಲೆಯ ಕೆಲಸ ಹೆಚ್ಚಾಯಿತು ಎಂದು ಕಾರಣ ಕೊಟ್ಟೆ.

ಅಣ್ಣ ಈಗಲೂ ಮಿಲ್ಲಿಗೆ ಹೋಗುತ್ತಾನೆ. ಆರೋಗ್ಯವಾಗಿದ್ದಾನೆ. ಭಾನುವಾರ ಫೋನು ಮಾಡುತ್ತೇವೆ. ಮಳೆ, ಕಾಲುವೆಗೆ ನೀರು ಬಿಟ್ಟದ್ದು, ಅತ್ತಿಗೆಯ ಮೊಣಕಾಲು ನೋವು, ಎಲ್ಲ ಮಾತಾಡುತ್ತೇವೆ. ಸಿನಿಮಾದ ಮಾತು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮೊದಲು ಇಬ್ಬರಿಗೂ ಅದೇ ಮಾತಾಗಿತ್ತು. ಅದನ್ನು ತೆಗೆದ ಮೇಲೆ ಫೋನು ಬೇಗ ಮುಗಿಯುತ್ತದೆ.

ಹೋದ ವರ್ಷ ಕುಷ್ಟಗಿಯಲ್ಲಿ ನಮ್ಮ ದೂರದ ಸಂಬಂಧಿಕರ ಮದುವೆ. ಅಣ್ಣನೂ ಅತ್ತಿಗೆಯೂ ಬಂದಿದ್ದರು. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಒಬ್ಬ ನಿವೃತ್ತ ಮಾಸ್ತರರು ನನ್ನನ್ನು ಗುರುತು ಹಿಡಿದರು. ಯಾಕೆ ಬರೆಯುವುದು ಬಿಟ್ಟಿರಿ, ಆ ಯುದ್ಧದ ಪಿಕ್ಚರಿನ ಬಗ್ಗೆ ಎಂಥಾ ಬರೆದಿದ್ದಿರಿ ಎಂದು ಶುರು ಮಾಡಿದರು. ಬಾಯಿಬಡುಕ ದುಭಾಷಿ ಎಂಬ ಸಾಲನ್ನು ಬಾಯಿಪಾಠ ಹೇಳಿ, ಸುತ್ತ ನಿಂತವರಿಗೆಲ್ಲ ಕೇಳಿಸುವಂತೆ ನಕ್ಕರು. ನಾನು ಅವರನ್ನು ಬೇರೆ ಕಡೆ ಕರೆದುಕೊಂಡು ಹೋಗಲು ನೋಡಿದೆ. ಅಷ್ಟರಲ್ಲಿ ಅವರಿಗೆ ಅಣ್ಣ ಕಂಡ. ಇವರು ಮಿಲಿಟರಿಯಲ್ಲಿದ್ದ ನಿಮ್ಮ ಅಣ್ಣ ಅಲ್ಲವೇ, ಅದರಲ್ಲಿ ನೀವು ಬರೆದ ಸೈನಿಕರು ಇವರೇ ಏನು ಎಂದು ಕೇಳಿದರು.

ಅಣ್ಣ ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ಅವರ ಕಡೆ ತಿರುಗಿ, “ಹೌದ್ರಿ, ನಾನ. ಭಾಳ ಛಲೋ ಬರದಿದ್ಳು,” ಎಂದ.

ಮಾಸ್ತರರು ಸಂತೋಷದಿಂದ ಅವನ ಕೈ ಕುಲುಕಿದರು. ಪಂಕ್ತಿಗೆ ಕರೆದರು. ಅಣ್ಣ ನನ್ನ ಎಲೆಯ ಪಕ್ಕದಲ್ಲೇ ಕುಳಿತು, ಬಡಿಸುವವನಿಗೆ, ನನ್ನ ತಂಗಿಗೆ ಇನ್ನೊಂದು ಸ್ವಲ್ಪ ಅನ್ನ ಹಾಕು ಎಂದು ಹೇಳಿದ.